ಉಪ್ಪಿನ ಬಿಳಿ ಕಾಗದಕ್ಕೆ ಇಳಿಯುವವರೆಗೆ

ಡಿಸೆಂಬರಿನಲ್ಲಿ ಕಾರವಾರದಲ್ಲಿ ಮೇಳ. ಅದರಲ್ಲಿ ಹವ್ಯಾಸಿಗಳಿಗೊಂದು ಛಾಯಾಚಿತ್ರ ಸ್ಪರ್ಧೆ. ವಿಷಯ ನಮ್ಮ ಜಿಲ್ಲೆಯ ದುಡಿಮೆ. ಒಬ್ಬರು ಮೂರು ಚಿತ್ರ ಕೊಡಬಹುದು. 12×18 ಇಂಚಿನ ಪ್ರಿಂಟು, 16×22 ಇಂಚಿನ ಮೌಂಟು, ಅಂದರೆ ಪ್ರಿಂಟಿನ ಸುತ್ತ ಅಂಚಾಗಿ ನಿಲ್ಲುವ ದಪ್ಪ ರಟ್ಟು. ಗಾಜು, ಚೌಕಟ್ಟು ಬೇಡ. ಎದುರಿಗೆ ಹೆಸರು ಇರಬಾರದು. ಬೆಳಕು, ಬಣ್ಣ ಸರಿಪಡಿಸಬಹುದು, ಕತ್ತರಿಸಬಹುದು. ಆದರೆ ಚಿತ್ರದಲ್ಲಿ ಇಲ್ಲದ್ದನ್ನು ಸೇರಿಸುವಂತಿಲ್ಲ, ಇದ್ದದ್ದನ್ನು ಅಳಿಸುವಂತಿಲ್ಲ.

ಕುಮಟೆಯಲ್ಲಿ ಸೊಸೈಟಿಯ ಲೆಕ್ಕ ಬರೆಯುವ ಕೆಲಸ ನನ್ನದು. ಕ್ಯಾಮೆರಾ ಹಿಡಿದು ಆರು ವರ್ಷವಾಯಿತು. ಕೆನಾನ್ 1500ಡಿ, ಅದರ ಜೊತೆಗೇ ಬಂದ 18–55 ಲೆನ್ಸು, ಅಷ್ಟೇ. ಇಷ್ಟು ವರ್ಷ ತೆಗೆದದ್ದೆಲ್ಲ ಲ್ಯಾಪ್‌ಟಾಪಿನಲ್ಲಿ, ಫೋನಿನಲ್ಲಿ ಉಳಿದಿತ್ತು. ದೊಡ್ಡ ಕಾಗದದ ಮೇಲೆ ಒಂದನ್ನೂ ಕಂಡಿರಲಿಲ್ಲ. ಈ ಒಂದು ತಿಂಗಳಲ್ಲಿ ಮಾಡಿದ್ದನ್ನು ಆಗಾಗ ಬರೆದಿಟ್ಟುಕೊಂಡಿದ್ದೆ. ನಮ್ಮ ಕರಾವಳಿಯ ತೇವದಲ್ಲಿ ಮನೆಯಲ್ಲೇ ಮೌಂಟ್ ಕಟ್ಟುವವರಿಗೆ ಬೇಕಾದೀತು ಎಂದು ಇಲ್ಲಿ ಇಡುತ್ತಿದ್ದೇನೆ.

ನವೆಂಬರ್ 9, ಭಾನುವಾರ

ನಲವತ್ತು ಚಿತ್ರಗಳನ್ನು ಪೇಟೆಯ ಸ್ಟುಡಿಯೊದಲ್ಲಿ 4×6 ಅಳತೆಗೆ ಹಾಕಿಸಿಕೊಂಡು ಬಂದು ಅಡುಗೆಮನೆಯ ಗೋಡೆಗೆ ಅಂಟಿಸಿದೆ. ಪರದೆಯ ಮೇಲೆ ಒಂದಾದ ಮೇಲೊಂದು ಸರಿಸುತ್ತ ಹೋದರೆ ಎಲ್ಲವೂ ಚೆಂದ ಕಾಣುತ್ತವೆ. ಗೋಡೆಯ ಮೇಲೆ ಒಟ್ಟಿಗೆ ಇಟ್ಟಾಗ ಹಾಗಲ್ಲ. ಬೆಳಿಗ್ಗೆ ದೋಸೆ ಹೊಯ್ಯುವಾಗ, ರಾತ್ರಿ ಪಾತ್ರೆ ತೊಳೆಯುವಾಗ ಕಣ್ಣು ಯಾವುದರ ಮೇಲೆ ಮತ್ತೆ ಮತ್ತೆ ಹೋಗುತ್ತದೋ ಅದನ್ನು ಇಟ್ಟುಕೊಂಡು, ದಿನಕ್ಕೆ ಐದಾರರಂತೆ ಕಿತ್ತು ತೆಗೆಯಬೇಕೆಂದು ಲೆಕ್ಕ ಹಾಕಿದ್ದೆ.

ವಾರ ಕಳೆಯುವಷ್ಟರಲ್ಲಿ ಮೂರು ಉಳಿದವು. ಮಾಜಾಳಿಯ ಕಡೆ ರಂಪಣಿ ಬಲೆ ಎಳೆಯುವವರ ಸಾಲು, ಹಿಮ್ಮಡಿ ಮರಳಿನಲ್ಲಿ ಹೂತಿರುವುದು. ಯಕ್ಷಗಾನದ ಚೌಕಿಯಲ್ಲಿ, ಅಂದರೆ ಬಣ್ಣ ಹಚ್ಚಿಕೊಳ್ಳುವ ಕೋಣೆಯಲ್ಲಿ, ಕೈಗನ್ನಡಿ ಹಿಡಿದು ಹುಬ್ಬು ತೀಡಿಕೊಳ್ಳುತ್ತಿರುವ ವೇಷಧಾರಿ. ಮೂರನೆಯದು ಸಾಣಿಕಟ್ಟೆಯ ಉಪ್ಪಿನ ಆಗರದ್ದು. ಏಪ್ರಿಲ್ ತಿಂಗಳ ಬೆಳಗಿನ ಏಳರ ಹೊತ್ತು. ಬದುವಿನ ಮೇಲೆ ಉಪ್ಪಿನ ಬುಟ್ಟಿ ತಲೆಗೆ ಹೊತ್ತು ನಡೆಯುತ್ತಿರುವ ಹೆಂಗಸು, ಪಕ್ಕದಲ್ಲಿ ಕೂಡಿಟ್ಟ ಉಪ್ಪಿನ ಗುಡ್ಡೆ, ಮಡಿಯ ನೀರಿನಲ್ಲಿ ಅವರ ನೆರಳು.

ಆಯಿ ಆ ಚಿತ್ರದ ಎದುರು ನಿಂತು, “ಇದನ್ನ ತೆಗೀಯಡ” ಎಂದಳು. ಸ್ವಲ್ಪ ಹೊತ್ತು ನೋಡಿ, “ಆದ್ರೆ ಕೂಸೆ, ಉಪ್ಪು ಎಂತಕ್ಕೆ ಹಿಂಗೆ ಮೋಡ ಕವಿದಂಗೆ ಇದ್ದು?” ಎಂದಳು.

ಹೌದು, ಉಪ್ಪು ಬೂದಿ ಬಣ್ಣದಲ್ಲಿತ್ತು. ಮುಂದಿನ ಒಂದು ತಿಂಗಳೆಲ್ಲ ನಾನು ಮಾಡಿದ್ದು ಆಯಿಯ ಈ ಒಂದು ಪ್ರಶ್ನೆಗೆ ಉತ್ತರ ಹುಡುಕುವ ಕೆಲಸವನ್ನೇ.

ನವೆಂಬರ್ 16, 17

ಕ್ಯಾಮೆರಾದ ಬೆಳಕಿನ ಮೀಟರಿಗೆ ಎದುರಿಗಿರುವುದು ಉಪ್ಪೋ ಇದ್ದಿಲೋ ಗೊತ್ತಾಗುವುದಿಲ್ಲ. ಎದುರಿನ ದೃಶ್ಯ ಒಟ್ಟಾರೆ ನಡುವಣ ಬೂದು ಎಂದುಕೊಂಡೇ ಅದು ಲೆಕ್ಕ ಹಾಕುತ್ತದೆ. ಕಪ್ಪು ಕಂಬಳಿ ತುಂಬಿದ ಚಿತ್ರ ತೆಗೆದರೂ ಬೂದು, ಉಪ್ಪಿನ ಗುಡ್ಡೆ ತುಂಬಿದ ಚಿತ್ರ ತೆಗೆದರೂ ಬೂದು. ಬಿಳಿಯ ವಸ್ತು ಹೆಚ್ಚಿರುವಲ್ಲಿ ನಾವೇ ಎಕ್ಸ್‌ಪೋಷರನ್ನು ಒಂದು ಸ್ಟಾಪಿನಷ್ಟು (ಅಂದರೆ ಬೆಳಕು ಎರಡು ಪಟ್ಟು), ಕೆಲವು ಸಲ ಒಂದೂವರೆಯಷ್ಟು ಮೇಲೆ ಏರಿಸಿಕೊಳ್ಳಬೇಕು. ಆ ಬೆಳಿಗ್ಗೆ ನಾನು ಏರಿಸಿರಲಿಲ್ಲ. ಎಫ್ 8, 1/500 ಸೆಕೆಂಡು, ಐಎಸ್‌ಒ 100.

ಪುಣ್ಯಕ್ಕೆ ರಾ ಫೈಲ್, ಅಂದರೆ ಕ್ಯಾಮೆರಾ ಕಂಡದ್ದನ್ನು ಸಂಸ್ಕರಿಸದೆ ಉಳಿಸಿದ ಮೂಲ ಫೈಲು, ಇಟ್ಟುಕೊಂಡಿದ್ದೆ. ಡಾರ್ಕ್‌ಟೇಬಲ್ ತಂತ್ರಾಂಶದಲ್ಲಿ ತೆರೆದು ಎಕ್ಸ್‌ಪೋಷರ್ ಒಂದು ಸ್ಟಾಪ್ ಏರಿಸಿದಾಗ ಉಪ್ಪು ಬೆಳಗಿತು. ಕಪ್ಪಿನಿಂದ ಬಿಳಿಯವರೆಗೆ ಬೆಳಕಿನ ಹಂಚಿಕೆ ತೋರಿಸುವ ನಕ್ಷೆ, ಹಿಸ್ಟೊಗ್ರಾಮಿನ ಬಲತುದಿ ಗೋಡೆಗೆ ತಾಗಿಯೂ ತಾಗದಂತೆ ನಿಂತಿತು. ಉಪ್ಪಿನ ಹರಳಿನ ತರಿ ಕಾಣಬೇಕಾದರೆ ಬಿಳಿ ತೀರಾ ತುದಿ ಮುಟ್ಟಬಾರದು. ಮುಟ್ಟಿದ ಜಾಗದಲ್ಲಿ ಮುದ್ರಣ ಯಂತ್ರ ಬಣ್ಣವನ್ನೇ ಹಾಕುವುದಿಲ್ಲ, ಬರೀ ಕಾಗದ ಉಳಿಯುತ್ತದೆ.

ಚಿತ್ರದ ಎಡ ಅಂಚಿನ ಬದುವಿನ ಮೇಲೆ ಒಂದು ಪ್ಲಾಸ್ಟಿಕ್ ಬಾಟಲಿ ಬಿದ್ದಿತ್ತು. ಅಳಿಸುವುದು ಅರ್ಧ ನಿಮಿಷದ ಕೆಲಸ. ನಿಯಮ ಬಿಡುವುದಿಲ್ಲ, ನನಗೂ ಮನಸ್ಸಿಲ್ಲ. ಅಂಚನ್ನು ಒಳಗೆ ತಂದು ಕತ್ತರಿಸಿದೆ. 6000×4000 ಪಿಕ್ಸೆಲ್ ಇದ್ದದ್ದು 5640×3760 ಆಯಿತು. 18 ಇಂಚಿಗೆ ಹಂಚಿದರೆ ಇಂಚಿಗೆ 313 ಪಿಕ್ಸೆಲ್. ಈ ಅಳತೆಯ ಪ್ರಿಂಟಿಗೆ 300 ಇದ್ದರೆ ಬೇಕಾದಷ್ಟಾಯಿತು, 240ಕ್ಕೂ ಕಣ್ಣಿಗೆ ಕೊರತೆ ಕಾಣುವುದಿಲ್ಲ.

ಚೌಕಿಯ ಚಿತ್ರ ಐಎಸ್‌ಒ 3200ರದ್ದು, ಕಡಿಮೆ ಬೆಳಕಿಗೆಂದು ಕ್ಯಾಮೆರಾದ ಸೂಕ್ಷ್ಮತೆ ಏರಿಸಿ ತೆಗೆದದ್ದು. ಪರದೆಯಲ್ಲಿ ನೂರಕ್ಕೆ ನೂರು ಹಿಗ್ಗಿಸಿ ನೋಡಿದಾಗ ಕೆನ್ನೆಯ ಬಣ್ಣದ ಮೇಲೆ ರವೆ ಚೆಲ್ಲಿದ ಹಾಗಿತ್ತು. ಬಿಟ್ಟೇಬಿಡೋಣ ಎಂದುಕೊಂಡಿದ್ದೆ. ಆಮೇಲೆ ಲೆಕ್ಕ ಹಾಕಿದೆ: ಇಂಚಿಗೆ ಸುಮಾರು ನೂರು ಪಿಕ್ಸೆಲ್ ಇರುವ ಪರದೆಯಲ್ಲಿ ಹಾಗೆ ನೋಡುವುದೆಂದರೆ ಐದು ಅಡಿ ಅಗಲದ ಚಿತ್ರವನ್ನು ಮೂಗಿನ ಹತ್ತಿರ ಹಿಡಿದು ನೋಡಿದಂತೆ. ಒಂದೂವರೆ ಅಡಿಯ ಪ್ರಿಂಟಿನಲ್ಲಿ ಆ ರವೆ ಕಾಣುವುದೇ ಇಲ್ಲ. ಹಾಗೇ ಇರಲಿ ಎಂದು ಬಿಟ್ಟೆ. ಪ್ರಿಂಟು ಬಂದ ಮೇಲೆ ನೋಡಿದರೆ, ರವೆ ಇರಲಿಲ್ಲ.

ಮೂರನ್ನೂ ಎಸ್‌ಆರ್‌ಜಿಬಿ ಎಂಬ ಸಾಮಾನ್ಯ ಬಣ್ಣದ ಮಾನಕಕ್ಕೆ ತಂದು, ಜೆಪೆಗ್ ಮಾಡಿ ಹುಬ್ಬಳ್ಳಿಯ ಒಂದು ಲ್ಯಾಬಿಗೆ ಕಳಿಸಿದೆ. ಕಾಗದ ಹೊಳಪಿಲ್ಲದ ಮ್ಯಾಟ್ ಹೇಳಿದೆ. ಗ್ಲಾಸಿಯಲ್ಲಿ ಕಪ್ಪು ಇನ್ನಷ್ಟು ಆಳವಾಗಿ ಬರುತ್ತದೆ, ನಿಜ. ಆದರೆ ಪೆಂಡಾಲಿನ ಟ್ಯೂಬ್‌ಲೈಟ್ ಅದರ ಮೇಲೆ ಬಿದ್ದರೆ ನೋಡುವವರಿಗೆ ಚಿತ್ರಕ್ಕಿಂತ ಮೊದಲು ಟ್ಯೂಬ್‌ಲೈಟೇ ಕಾಣುತ್ತದೆ. ಮೌಂಟ್ ಬೋರ್ಡನ್ನೂ ಅಲ್ಲಿಂದಲೇ ತರಿಸಿದೆ. ಕುಮಟೆಯ ಅಂಗಡಿಗಳಲ್ಲಿ ನನಗೆ ಸಿಕ್ಕಿದ್ದು ಡ್ರಾಯಿಂಗ್ ಶೀಟು, ಚಾರ್ಟ್ ಪೇಪರು ಮಾತ್ರ.

ನವೆಂಬರ್ 21

ಪ್ರಿಂಟುಗಳು ಬಸ್ಸಿನಲ್ಲಿ ಬಂದವು. ಕೊಳವೆಯಿಂದ ಎಳೆದು ಬಿಡಿಸಿದರೆ ಉಪ್ಪು ಮತ್ತೆ ಬೂದಿ.

ಎರಡು ಕಾರಣ ಇದ್ದವು. ಒಂದು ನನ್ನದು. ಲ್ಯಾಪ್‌ಟಾಪಿನ ಬೆಳಕನ್ನು ತುದಿಯವರೆಗೆ ಏರಿಸಿಟ್ಟುಕೊಂಡು ಕೆಲಸ ಮಾಡಿದ್ದೆ. ಪರದೆ ತಾನೇ ಬೆಳಗುತ್ತದೆ, ಕಾಗದ ಹಾಗಲ್ಲ, ತನ್ನ ಮೇಲೆ ಬಿದ್ದ ಬೆಳಕನ್ನಷ್ಟೇ ತಿರುಗಿ ಕೊಡುತ್ತದೆ. ಉರಿಯುವ ಪರದೆಯಲ್ಲಿ ಸರಿ ಎನಿಸಿದ್ದು ಕಾಗದದಲ್ಲಿ ಯಾವತ್ತೂ ಕಪ್ಪಿಟ್ಟಂತೆ ಬರುತ್ತದೆ. ಇನ್ನೊಂದು ಕಾರಣ ಫೋನ್ ಮಾಡಿದಾಗ ಗೊತ್ತಾಯಿತು.

“ಮೇಡಂ, ಅದು ಮಷೀನೇ ಕರೆಕ್ಷನ್ ಮಾಡತೈತ್ರಿ. ಬ್ಯಾಡ ಅಂದ್ರ ಮದಲ ಹೇಳಬೇಕಿತ್ರಿ.”

ಏಪ್ರಿಲಿನಲ್ಲಿ ನನ್ನ ಕ್ಯಾಮೆರಾ ಮಾಡಿದ್ದ ತಪ್ಪನ್ನೇ ಹುಬ್ಬಳ್ಳಿಯ ಯಂತ್ರವೂ ಮಾಡಿತ್ತು. ಇಷ್ಟು ಬಿಳಿ ಇರುವ ಫೈಲು ಕಂಡು, ಇದರಲ್ಲಿ ಬೆಳಕು ಹೆಚ್ಚಾಗಿದೆ ಎಂದು ತೀರ್ಮಾನಿಸಿ ತಗ್ಗಿಸಿತ್ತು. ಮದುವೆ ಮನೆಯ ನೂರಾರು ಚಿತ್ರಗಳಿಗೆ ಆ ವ್ಯವಸ್ಥೆ ಬೇಕು, ಉಪ್ಪಿನ ಗುಡ್ಡೆಗೆ ಅದು ಹೊಂದುವುದಿಲ್ಲ. ‘ಕರೆಕ್ಷನ್ ಬೇಡ, ಇದ್ದ ಹಾಗೇ ಹಾಕಿ’ ಎಂದು ಫೈಲಿನ ಹೆಸರಿನಲ್ಲೇ ಬರೆದು ಕಳಿಸುವುದು ಒಳ್ಳೆಯದು ಎಂದು ಅವರೇ ಹೇಳಿಕೊಟ್ಟರು. ಈಗ ಹಾಗೇ ಮಾಡುತ್ತೇನೆ.

ಪರದೆಯನ್ನು ಸರಿಮಾಡಿಕೊಳ್ಳಲು ಅಳೆಯುವ ಉಪಕರಣ ನನ್ನ ಹತ್ತಿರ ಇಲ್ಲ. ಕಿಟಕಿಯ ಪಕ್ಕ ಮೇಜು ಎಳೆದುಕೊಂಡು, ಪರದೆಯ ಬದಿಗೆ ಒಂದು ಖಾಲಿ ಬಿಳಿ ಹಾಳೆ ನಿಲ್ಲಿಸಿ, ಪರದೆಯಲ್ಲೂ ಒಂದು ಖಾಲಿ ಬಿಳಿ ಪುಟ ತೆರೆದು, ಎರಡೂ ಒಂದೇ ಬೆಳಕಿನವು ಎನಿಸುವವರೆಗೆ ಪರದೆಯನ್ನು ತಗ್ಗಿಸಿದೆ. ಅರ್ಧಕ್ಕಿಂತ ಕೆಳಗೆ ಬಂತು. ಆ ಬೆಳಕಿನಲ್ಲಿ ಮತ್ತೆ ಎಲ್ಲ ಮಾಡಿದೆ. ಉಪ್ಪನ್ನು ಇನ್ನೂ ಏರಿಸಿದೆ. ಎರಡನೇ ಪ್ರಿಂಟು 25ಕ್ಕೆ ಬಂತು. ಹಾಲಿನಷ್ಟು ಬೆಳ್ಳಗೆ. ಆಯಿಗೂ ಸಮಾಧಾನ, ನನಗೂ ಸಮಾಧಾನ.

ನವೆಂಬರ್ 30, ಭಾನುವಾರ

ಮೌಂಟ್ ಕತ್ತರಿಸುವ ಮೊದಲು ಒಂದು ಕೆಲಸ ಬಾಕಿ ಇತ್ತು. ಚಿತ್ರದಲ್ಲಿರುವವರನ್ನು ಕೇಳಬೇಕಿತ್ತು. ಏಪ್ರಿಲಿನಲ್ಲಿ ತೆಗೆಯುವಾಗ ಕೇಳಿಯೇ ತೆಗೆದದ್ದು. ಆದರೆ ಫೋಟೊ ತೆಗೆಯಲೇ ಎಂದು ಕೇಳುವುದಕ್ಕೂ ಸಾವಿರಾರು ಜನ ನೋಡುವಲ್ಲಿ ತೂಗುಹಾಕಲೇ ಎಂದು ಕೇಳುವುದಕ್ಕೂ ವ್ಯತ್ಯಾಸ ಇದೆ.

ಸಾಣಿಕಟ್ಟೆಯ ಆಗರ ಅಘನಾಶಿನಿಯ ಅಳಿವೆಗೆ ಸೇರಿದ್ದು. ಭರತದಲ್ಲಿ ಏರಿ ಬಂದ ಉಪ್ಪುನೀರನ್ನು ತೂಬಿನಲ್ಲಿ ಒಳಗೆ ಬಿಟ್ಟುಕೊಂಡು, ಒಂದು ಮಡಿಯಿಂದ ಇನ್ನೊಂದು ಮಡಿಗೆ ಹರಿಸುತ್ತ ಬಿಸಿಲಿಗೆ ಒಡ್ಡುತ್ತಾರೆ. ಒಂದು ಲೀಟರ್ ಕಡಲ ನೀರಿನಲ್ಲಿ ಸುಮಾರು 35 ಗ್ರಾಂ ಉಪ್ಪಿನಂಶ. ನೀರು ಆರಿ ಆರಿ ಕೊನೆಯ ಮಡಿಯಲ್ಲಿ ಹರಳುಗಟ್ಟಿದ್ದನ್ನು ಉದ್ದ ಹಿಡಿಯ ಮರದ ಹಲಗೆಯಿಂದ ಎಳೆದು ಬದುವಿಗೆ ರಾಶಿ ಮಾಡುತ್ತಾರೆ. ಇದೆಲ್ಲ ಬೇಸಿಗೆಯ ಕೆಲಸ. ನವೆಂಬರಿನಲ್ಲಿ ಆಗರದ ತುಂಬ ಬರೀ ನೀರು, ಹಕ್ಕಿ. ಹಾಗಾಗಿ ವಿಚಾರಿಸಿಕೊಂಡು ಅವರ ಮನೆಗೇ ಹೋದೆ.

ಜಗುಲಿಯಲ್ಲಿ ಕೂತು ಪ್ರಿಂಟನ್ನು ತೊಡೆಯ ಮೇಲೆ ಇಟ್ಟುಕೊಂಡು ನೋಡಿದರು. ಮೊದಲು ಬೆರಳಿಟ್ಟದ್ದು ಬುಟ್ಟಿಯ ಅಂಚಿನ ಮೇಲೆ. ಅಲ್ಲಿ ನೀಲಿ ಬಲೆದಾರದಿಂದ ಸುತ್ತು ಹಾಕಿ ಬಿಗಿದಿತ್ತು.

“ನಂದೇ ಬುಟ್ಟಿ. ಇದು ನಾನೇ ಕಟ್ಟಿದ್ದು.”

ಆಮೇಲೆ ಉಪ್ಪಿನ ಗುಡ್ಡೆಯ ಕಡೆ ನೋಡಿದರು. ಪ್ರಿಂಟನ್ನು ಬೆಳಕಿಗೆ ಓರೆ ಮಾಡಿ ಹಿಡಿದರು.

“ತಂಗಿ, ನಮ್ಮ ಉಪ್ಪು ಇಷ್ಟು ಬೆಳ್ಳಗೆ ಎಲ್ಲಿರ್ತದೆ? ಇದು ಪ್ಯಾಕೆಟಿನ ಉಪ್ಪು ಇದ್ದ ಹಾಗೆ ಅದೆ.”

ಒಳಗೆ ಹೋಗಿ ಉಪ್ಪಿನ ಮರಿಗೆಯಿಂದ ಒಂದು ಮುಷ್ಟಿ ಹರಳುಪ್ಪು ತಂದು, ಪ್ರಿಂಟಿನ ಪಕ್ಕದಲ್ಲಿ ಹಾಸಿದ್ದ ಕಾಗದದ ಮೇಲೆ ಸುರಿದರು. ನಾನು ಅದನ್ನು ದಿನಾ ಸಾರಿಗೆ ಹಾಕುವವಳು. ಹೀಗೆ ಕೂತು ನೋಡಿರಲಿಲ್ಲ. ಬಿಳಿಯೇ, ಆದರೆ ಆಗರದ ಕೆಸರು ಒಂದು ನೂಲಿನಷ್ಟು ಸೇರಿಕೊಂಡ ಬಿಳಿ. ಹರಳಿನ ಒಳಗೆ ಎಲ್ಲೋ ತೆಳುವಾದ ಮಣ್ಣಿನ ಬಣ್ಣ, ಹಳೆಯ ಪಂಚೆಯ ಹಾಗೆ. ಒಂದೊಂದು ಹರಳಿನ ಒಂದೊಂದು ಮುಖ ಮಾತ್ರ ಗಾಜಿನ ಹಾಗೆ ಹೊಳೆಯುತ್ತಿತ್ತು.

“ಹಿಂಗೆ ಅದೆ ನೋಡು” ಎಂದರು.

ಪ್ರದರ್ಶನಕ್ಕೆ ಇಡಲು ಒಪ್ಪಿದರು. ಹೆಸರು ಹಾಕುವುದು ಬೇಡ ಎಂದರು. ಆ ಉಪ್ಪನ್ನು ಕಾಗದದಲ್ಲಿ ಕಟ್ಟಿಸಿಕೊಂಡು ಮನೆಗೆ ತಂದೆ.

ಡಿಸೆಂಬರ್ 1ರಿಂದ 4

ಎಲ್ಲಿ ತಪ್ಪಿದೆ ಎಂದು ಹಿಂದಕ್ಕೆ ಹೋಗಿ ನೋಡಿದೆ. ಬೂದಿಯಾಗಿದ್ದನ್ನು ಸರಿಪಡಿಸುವ ಭರದಲ್ಲಿ ನಾನು ಬೆಳಕನ್ನು ಮಾತ್ರ ನೋಡಿದ್ದೆ, ಬಣ್ಣವನ್ನಲ್ಲ. ಬಿಳಿ ಯಾವುದೆಂದು ತಾನೇ ಊಹಿಸಿ ಬಣ್ಣ ಹೊಂದಿಸುವ ಕ್ಯಾಮೆರಾದ ಆಟೊ ವೈಟ್ ಬ್ಯಾಲೆನ್ಸ್ ಬೆಳಗಿನ ಏಳರ ಬಿಸಿಲಿನ ಹಳದಿಯನ್ನೂ, ಅದರ ಜೊತೆಗೆ ಉಪ್ಪಿನ ಮಣ್ಣುಬಣ್ಣವನ್ನೂ ಒಟ್ಟಿಗೆ ಒರೆಸಿಹಾಕಿತ್ತು. ಉಪ್ಪಿನ ಗುಡ್ಡೆಯ ಬೆಳಗಿದ ಭಾಗದಲ್ಲಿ ಕೆಂಪು, ಹಸಿರು, ನೀಲಿ ಮೂರೂ 252 (255 ಎಂದರೆ ಪೂರ್ತಿ ಬಿಳಿ). ಅಂಥ ಬಿಳಿ ಸಾಣಿಕಟ್ಟೆಯಲ್ಲಿ ಇಲ್ಲ.

ಈಗ ಊಹೆಯ ಮೇಲೆ ಮತ್ತೊಂದು ದೊಡ್ಡ ಪ್ರಿಂಟ್ ಹಾಕಿಸುವ ಧೈರ್ಯ ಇರಲಿಲ್ಲ. ಹಾಗಾಗಿ ಒಂದು ಉಪಾಯ ಮಾಡಿದೆ. ಇಡೀ ಕೆಲಸದಲ್ಲಿ ಬೇರೆಯವರಿಗೆ ನಾನು ಮುಖ್ಯವಾಗಿ ಹೇಳಬೇಕೆಂದಿರುವುದು ಇದನ್ನೇ. 12×18ರ ಒಂದು ಹಾಳೆಯಲ್ಲಿ 6×6 ಇಂಚಿನ ಆರು ತುಂಡು ಕೂರುತ್ತವೆ. ಉಪ್ಪಿನ ಗುಡ್ಡೆ, ಬುಟ್ಟಿಯ ಅಂಚು, ಅವರ ಕೆನ್ನೆಯ ಸ್ವಲ್ಪ ಭಾಗ, ಇಷ್ಟು ಬರುವ ಒಂದು ಚೌಕವನ್ನು ಪ್ರಿಂಟಿನ ನಿಜ ಅಳತೆಯಲ್ಲೇ, ಅಂದರೆ 1880×1880 ಪಿಕ್ಸೆಲ್, ಕತ್ತರಿಸಿ ಆರು ಸಲ ಜೋಡಿಸಿದೆ. ಆರರಲ್ಲೂ ಬೆಳಕು, ಬಣ್ಣ ಬೇರೆ ಬೇರೆ. ಮೂಲೆಯಲ್ಲಿ ಒಂದರಿಂದ ಆರರವರೆಗೆ ಅಂಕಿ. ಒಂದೇ ಹಾಳೆಯ ಖರ್ಚಿಗೆ ಆರು ಪರೀಕ್ಷೆ. ಸಣ್ಣ ಅಳತೆಗೆ ಕುಗ್ಗಿಸಿ ಹಾಕಿಸಿದರೆ ಉಪ್ಪಿನ ತರಿ ಹೇಗೆ ಬರುತ್ತದೆಂದು ತಿಳಿಯುವುದಿಲ್ಲ. ನಿಜ ಅಳತೆಯ ತುಂಡೇ ಬೇಕು.

ಮೂರರ ಮಧ್ಯಾಹ್ನ ಹಾಳೆ ಬಂತು. ಬಡಗಣ ಕಿಟಕಿಯ ಬಳಿ ಇಟ್ಟು, ಆರು ತುಂಡುಗಳ ಮೇಲೂ ಆ ಮುಷ್ಟಿ ಉಪ್ಪಿನಿಂದ ನಾಲ್ಕು ನಾಲ್ಕು ಹರಳು ಇಟ್ಟೆ. ಒಂದರಲ್ಲಿ ಹರಳು ಚಿತ್ರಕ್ಕಿಂತ ಕಪ್ಪಾಗಿ ಎದ್ದು ಕಂಡಿತು. ಎರಡರಲ್ಲಿ ಚಿತ್ರ ತೀರಾ ಹಳದಿ, ಅರಿಸಿನ ಬಿದ್ದ ಹಾಗೆ. ಐದನೆಯದರಲ್ಲಿ ಹರಳು ಎಲ್ಲಿ ಮುಗಿಯುತ್ತದೆ, ಚಿತ್ರ ಎಲ್ಲಿ ಶುರುವಾಗುತ್ತದೆ ಎಂದು ಹುಡುಕಬೇಕಾಯಿತು. ಆ ತುಂಡಿನ ಅಂಕಿಗಳು 238, 233, 225. ಬುಟ್ಟಿಯ ದಾರದ ನೀಲಿ ಕೂಡ ಅದರಲ್ಲೇ ಸರಿಯಾಗಿ ಕೂತಿತ್ತು. ಆಯಿಯನ್ನು ಕರೆದು ಏನೂ ಹೇಳದೆ ತೋರಿಸಿದೆ. ಅವಳೂ ಐದಕ್ಕೇ ಕೈ ಇಟ್ಟಳು.

ಅವತ್ತೇ ಸಂಜೆ ಕೊನೆಯ ಪ್ರಿಂಟಿಗೆ ಕಳಿಸಿದೆ. ಬಂದ ಮೇಲೆ, ಕೊಳವೆಯ ಸುರುಳಿ ಬಿಡಲೆಂದು ಎರಡು ಶುಭ್ರ ಹಾಳೆಗಳ ನಡುವೆ ಇಟ್ಟು, ಮೇಲೊಂದು ಪ್ಲೈವುಡ್ ಹಲಗೆ, ಅದರ ಮೇಲೆ ಹಳೆಯ ಲೆಡ್ಜರುಗಳನ್ನು ಹೇರಿ ಒಂದು ಇಡೀ ದಿನ ಬಿಟ್ಟೆ. ಬಿಚ್ಚಿಟ್ಟ ಪ್ರಿಂಟನ್ನು ನಮ್ಮ ಗಾಳಿಯಲ್ಲಿ ಹಾಗೇ ಬಿಡುವ ಹಾಗಿಲ್ಲ. ಮಳೆಗಾಲದಲ್ಲಿ ಲೆನ್ಸನ್ನು ಸಿಲಿಕಾ ಜೆಲ್ ಹಾಕಿದ, ಗಾಳಿಯಾಡದ ಡಬ್ಬಿಯಲ್ಲಿಟ್ಟು ತೇವ ಶೇಕಡಾ 45ರ ಆಸುಪಾಸು ಕಾಯುವ ನನಗೆ ಆ ಭಯ ಚೆನ್ನಾಗಿ ಗೊತ್ತಿದೆ. ಎರಡು ವರ್ಷದ ಹಿಂದೆ ಒಂದು ಲೆನ್ಸಿಗೆ ಬೂಷ್ಟು ಹಿಡಿದು ಜೇಡರಬಲೆಯಂತೆ ಹಬ್ಬಿತ್ತು.

ಡಿಸೆಂಬರ್ 6, 7: ಮೌಂಟ್ ಕತ್ತರಿಸಿದ್ದು

ಮೌಂಟಿನ ಬಣ್ಣ ಯಾವುದಿರಬೇಕು? ಬಿಳಿಯ ಬೋರ್ಡನ್ನು ಪ್ರಿಂಟಿನ ಸುತ್ತ ಇಟ್ಟು ನೋಡಿದೆ. ನಾಲ್ಕು ದಿನ ಒದ್ದಾಡಿ ತಂದ ಉಪ್ಪಿನ ಬಣ್ಣ ಕ್ಷಣದಲ್ಲಿ ಕೊಳೆಯಾಗಿ ಕಂಡಿತು. ಪಕ್ಕದಲ್ಲಿ ಹೆಚ್ಚು ಬಿಳಿ ಇದ್ದರೆ ಕಣ್ಣು ಅದನ್ನೇ ಬಿಳಿ ಎಂದು ಒಪ್ಪಿಕೊಂಡು ಉಳಿದದ್ದನ್ನು ಮಾಸಲು ಎನ್ನುತ್ತದೆ. ಕಪ್ಪು ಬೋರ್ಡಿಟ್ಟಾಗ ಅದೇ ಉಪ್ಪು ಬೆಳಗಿತು. ಆದ್ದರಿಂದ ಕಪ್ಪು.

22×28 ಇಂಚಿನ ಒಂದು ಹಾಳೆಯಲ್ಲಿ 16×22ರ ಒಂದೇ ತುಂಡು ಸಿಗುತ್ತದೆ. ಉಳಿಯುವ 12×22ರ ತುಂಡು ಕೈ ಪಳಗಿಸಿಕೊಳ್ಳಲು. ಚಿತ್ರ ಕಾಣಲೆಂದು ಮೌಂಟಿನ ನಡುವೆ ಕತ್ತರಿಸುವ ಕಿಟಕಿಯ ಅಳತೆ 11¾×17¾. ಹೀಗಾದರೆ ಪ್ರಿಂಟಿನ ನಾಲ್ಕೂ ಅಂಚು ಅರ್ಧಪಾವು (⅛) ಇಂಚು ಬೋರ್ಡಿನ ಅಡಿಗೆ ಹೋಗುತ್ತದೆ, ಸುತ್ತಲೂ 2 ಇಂಚು ಮತ್ತು ಅರ್ಧಪಾವು ಕಪ್ಪು ಅಂಚು ಸಮನಾಗಿ ಉಳಿಯುತ್ತದೆ.

ಅಂಗಡಿಯ ಮೌಂಟುಗಳಲ್ಲಿ ಕಿಟಕಿಯ ಅಂಚನ್ನು 45 ಡಿಗ್ರಿ ಓರೆಯಾಗಿ ಕೊಯ್ದಿರುತ್ತಾರೆ. ಆಗ ಬೋರ್ಡಿನ ಒಳಗಿನ ಬಿಳಿ ತಿರುಳು ಚಿತ್ರದ ಸುತ್ತ ಒಂದು ಗೆರೆಯಾಗಿ ಕಾಣುತ್ತದೆ. ಬಹಳ ಚಿತ್ರಗಳಿಗೆ ಅದು ಒಪ್ಪುತ್ತದೆ. ನನ್ನದಕ್ಕೆ ಆ ಗೆರೆ ಮತ್ತೊಂದು ಅಚ್ಚಬಿಳಿಯಾಗಿ ಉಪ್ಪಿನ ಜೊತೆ ಪೈಪೋಟಿಗೆ ನಿಲ್ಲುತ್ತಿತ್ತು. ನೇರವಾಗಿಯೇ ಕೊಯ್ದರೆ ತಿರುಳು ಎದುರಿಗೆ ಕಾಣುವುದಿಲ್ಲ. ನೇರಕ್ಕೆ ಓರೆಯ ಕಟರೂ ಬೇಡ, ಅಪ್ಪನ ಉಕ್ಕಿನ ಪಟ್ಟಿ ಮತ್ತು ಸಾಧಾರಣ ಕಟರ್ ಸಾಕು.

ಮೊದಲ ಹಾಳೆ ಹಾಳಾಯಿತು. ಒಂದೇ ಎಳೆತಕ್ಕೆ ಬೋರ್ಡಿನ ಆಚೆ ಬದಿ ಮುಟ್ಟಿಸಲು ಒತ್ತಿ ಎಳೆದಿದ್ದೆ. ಮೂಲೆಗೆ ಬರುವಾಗ ಬ್ಲೇಡು ಹಿಡಿತ ತಪ್ಪಿ ಅರ್ಧ ಇಂಚು ಮುಂದೆ ಹಾರಿತು. ಕಪ್ಪು ಬೋರ್ಡಿನ ಮೇಲೆ ಬಿಳಿ ಗಾಯ. ಅದಕ್ಕೆ ಮಾರ್ಕರ್ ಹಚ್ಚಿದರೂ ಓರೆ ಬೆಳಕಿನಲ್ಲಿ ಕಾಣುತ್ತದೆ.

ಆಮೇಲೆ ಮಾಡಿದ ಕ್ರಮ ಇದು. ಬೋರ್ಡನ್ನು ಕವುಚಿ ಹಾಕಿ ಹಿಂಬದಿಯಲ್ಲಿ ಸಪೂರ ಪೆನ್ಸಿಲಿನಿಂದ ಗೆರೆ. ನಾಲ್ಕು ಮೂಲೆಗೂ ಗುಂಡುಸೂಜಿಯಿಂದ ಆಚೆ ತೂರುವಂತೆ ಒಂದೊಂದು ಚುಚ್ಚು. ಅಡಿಗೆ ಹಳೆಯ ಬೋರ್ಡಿನ ತುಂಡು. ಪ್ರತಿ ಕಿಟಕಿಗೂ ಹೊಸ ಬ್ಲೇಡು. ಮೊದಲ ಎಳೆತದಲ್ಲಿ ಬರೀ ಗೀರು, ಎರಡನೆಯದಕ್ಕೆ ಸ್ವಲ್ಪ ಆಳ, ಏಳೆಂಟು ಎಳೆತಕ್ಕೆ ತಾನಾಗಿ ಬಿಡುತ್ತದೆ. ಒಂದು ಮೂಲೆಯಿಂದ ಹೊರಟು ಇನ್ನೊಂದಕ್ಕೆ ಕಾಲಿಂಚು ಇರುವಾಗ ನಿಲ್ಲಿಸಿ, ಬೋರ್ಡನ್ನೇ ತಿರುಗಿಸಿಕೊಂಡು ಆ ಮೂಲೆಯಿಂದ ಈ ಕಡೆಗೆ ಎಳೆಯುವುದು. ಹೀಗೆ ಮಾಡಿದರೆ ಬ್ಲೇಡು ಮೂಲೆ ದಾಟುವ ಪ್ರಶ್ನೆಯೇ ಬರುವುದಿಲ್ಲ. ಪಟ್ಟಿ ಜಾರದಿರಲಿ ಎಂದು ಅಡಿಗೆ ಸೈಕಲ್ ಟ್ಯೂಬಿನ ಎರಡು ತುಂಡು ಅಂಟಿಸಿಕೊಂಡೆ. ಮೂರು ಮೌಂಟಿಗೆ ಭಾನುವಾರ ಪೂರ್ತಿ ಹೋಯಿತು. ಬೋರ್ಡಿನ ನಡುಭಾಗ ಕೈಗೆ ಬಿಡಿಸಿ ಬಂದಾಗ ನಾಲ್ಕು ಮೂಲೆಗಳೂ ಚೂಪಾಗಿದ್ದವು. ಅದನ್ನು ಬಹಳ ಹೊತ್ತು ಬೆಳಕಿಗೆ ಹಿಡಿದು ನೋಡಿದೆ.

ಡಿಸೆಂಬರ್ 8, 9: ಅಂಟಿಸಿದ್ದು, ಅಂಟದ್ದು

ಪ್ರಿಂಟಿನ ಸುತ್ತ ಅಂಟುಪಟ್ಟಿ ಹಾಕಿ ಬಿಗಿಯಾಗಿ ಕೂರಿಸಬಾರದು. ತೇವ ಏರಿದಾಗ ಕಾಗದ ಹಿಗ್ಗುತ್ತದೆ, ಇಳಿದಾಗ ಕುಗ್ಗುತ್ತದೆ. ನಾಲ್ಕೂ ಕಡೆ ಕಟ್ಟಿಹಾಕಿದರೆ ಹಿಗ್ಗಲು ಜಾಗವಿಲ್ಲದೆ ನಡುವೆ ಉಬ್ಬುತ್ತದೆ. ಮೇಲಂಚಿನಲ್ಲಿ ಎರಡೇ ಕಡೆ ಕಾಗದದ ಬಿಜಾಗರಿ ಮಾಡಿ, ತಂತಿಗೆ ಹಾಕಿದ ಬಟ್ಟೆಯ ಹಾಗೆ ಇಳಿಬಿಡಬೇಕು.

ಬಿಜಾಗರಿಗೆ ಮೈದಾ ಕಾಸಿ ಅಂಟು ಮಾಡಿದೆ. ಪುಸ್ತಕದ ರಟ್ಟು ಕಟ್ಟಲು ಮನೆಯಲ್ಲಿ ಯಾವಾಗಲೂ ಅದೇ. ಬೆಳಿಗ್ಗೆ ನೋಡಿದರೆ ಎರಡೂ ಬಿಟ್ಟುಕೊಂಡು ಪ್ರಿಂಟು ಕೆಳಗೆ ಜಾರಿ ಕೂತಿದೆ. ಕಾರಣ ಬೆರಳಿಗೇ ತಿಳಿಯಿತು: ಇವತ್ತಿನ ಲ್ಯಾಬಿನ ಫೋಟೊ ಕಾಗದದ ಎರಡೂ ಮೈಗೆ ತೆಳ್ಳಗೆ ಪ್ಲಾಸ್ಟಿಕ್ ಲೇಪ ಇರುತ್ತದೆ. ನೀರಿನ ಅಂಟು ಅದರೊಳಗೆ ಇಳಿಯುವುದಿಲ್ಲ, ಒಣಗಿ ಸಿಪ್ಪೆಯಾಗಿ ಬಿಡುತ್ತದೆ. ನಾಲ್ಕು ಮೂಲೆಗೆ ಕಾಗದದ ಜೇಬು ಮಾಡಿ ಸಿಕ್ಕಿಸೋಣವೆಂದರೆ, ಬೋರ್ಡು ಮುಚ್ಚುವುದು ಅರ್ಧಪಾವು ಇಂಚು ಮಾತ್ರ, ಜೇಬು ಹೊರಗೆ ಇಣುಕುತ್ತದೆ. ಕೊನೆಗೆ ಆಮ್ಲರಹಿತ ಕಾಗದದ ಟೇಪನ್ನೇ ಬಳಸಿದೆ. ಮುಂಜಾಗ್ರತೆಗೆ ತರಿಸಿಟ್ಟಿದ್ದು ಒಳ್ಳೆಯದಾಯಿತು. ಸಾಧಾರಣ ಸೆಲೊಟೇಪ್ ಎರಡು ಮಳೆಗಾಲ ಕಳೆಯುವಷ್ಟರಲ್ಲಿ ಹಳದಿಯಾಗಿ ಜಿಗುಟು ಬಿಡುವುದನ್ನು ಮನೆಯ ಹಳೆಯ ಆಲ್ಬಮ್ಮಿನಲ್ಲಿ ಕಂಡಿದ್ದೇನೆ.

ಹಿಂಬದಿಗೆ ಹಗುರ ಪ್ಲಾಸ್ಟಿಕ್ ಹಲಗೆ, 3 ಮಿಲಿಮೀಟರಿನ ಸನ್‌ಬೋರ್ಡ್. ಹಿಂದೆ ಅಂಟಿಸುವ ಚೀಟಿಯನ್ನು ಮೊದಲೇ ಬರೆದು ಆಮೇಲೆ ಅಂಟಿಸಿದೆ. ಪ್ರಿಂಟಿನ ಬೆನ್ನ ಮೇಲೆ ಬಾಲ್‌ಪೆನ್ನಿನಲ್ಲಿ ಒತ್ತಿ ಬರೆದರೆ ಎದುರಿಗೆ ಗೀರು ಮೂಡುತ್ತದೆ.

ಶೀರ್ಷಿಕೆಗೂ ಒಂದು ಸಂಜೆ ಹಿಡಿಯಿತು. ‘ಬಿಳಿ ಬಂಗಾರ’ ಎಂದು ಒಬ್ಬರು ಹೇಳಿದರು. ಗಂಗಾವಳಿಯ ಆಚೆಗೇ ಅಂಕೋಲೆ, 1930ರ ಉಪ್ಪಿನ ಸತ್ಯಾಗ್ರಹದ ಊರು, ಅದನ್ನು ಸೇರಿಸು ಎಂದು ಆಫೀಸಿನಲ್ಲಿ ಇನ್ನೊಬ್ಬರು. ಆ ಇತಿಹಾಸ ದೊಡ್ಡದು. ಆದರೆ ಈ ಚಿತ್ರದಲ್ಲಿರುವುದು ಒಬ್ಬ ಹೆಂಗಸಿನ ಒಂದು ಬೆಳಗಿನ ಕೆಲಸ. ‘ಸಾಣಿಕಟ್ಟಾ, ಏಪ್ರಿಲ್, ಬೆಳಗಿನ ಏಳು’ ಎಂದಷ್ಟೇ ಬರೆದೆ.

ಡಿಸೆಂಬರ್ 11

ಮೌಂಟುಗಳ ನಡುವೆ ಟ್ರೇಸಿಂಗ್ ಪೇಪರ್, ಹೊರಗೆ ಪ್ಲಾಸ್ಟಿಕ್, ಎರಡು ಬದಿಗೆ ತೆಳು ಪ್ಲೈವುಡ್, ಸುತ್ತ ಹಗ್ಗ. ಬಸ್ಸಿನ ನೂಕುನುಗ್ಗಲಿಗೆ ಹೆದರಿ ರೈಲಿನಲ್ಲಿ ಹೋದೆ. ಗೋಕರ್ಣ ರೋಡ್, ಅಂಕೋಲಾ, ಹಾರವಾಡ ದಾಟುವವರೆಗೂ ಕಾಲಿನ ಮೇಲೇ ಇತ್ತು. ಒಪ್ಪಿಸಿ ರಸೀದಿ ಪಡೆದೆ.

ಮೇಳದ ಎರಡನೇ ದಿನ

ರಂಪಣಿಯ ಚಿತ್ರ ಆಯ್ಕೆಯಾಗಲಿಲ್ಲ. ಚೌಕಿಯದು ಮತ್ತು ಉಪ್ಪಿನದು ಪ್ರದರ್ಶನಕ್ಕೆ ಬಂದವು. ಮೊದಲ ಬಹುಮಾನ ಅಡಿಕೆ ಕೊನೆ ಇಳಿಸುವ ಚಿತ್ರಕ್ಕೆ ಹೋಯಿತು. ಮರದ ತುದಿಯಲ್ಲಿರುವ ಕೊನೆಗೌಡನ ಮುಖ ಎಲೆಗಳ ನೆರಳಿನಲ್ಲಿದ್ದರೂ ಕಣ್ಣು ಸ್ಪಷ್ಟ. ನೆರಳಿನ ಕಪ್ಪಿನೊಳಗೆ ಅಷ್ಟೊಂದು ವಿವರ ಉಳಿಸಿಕೊಂಡ ಪ್ರಿಂಟನ್ನು ನಾನು ಹತ್ತಿರದಿಂದ ನೋಡಿದ್ದು ಅದೇ ಮೊದಲು. ಅದರ ಎದುರೇ ಕಾಲು ಗಂಟೆ ನಿಂತಿದ್ದೆ.

ನನ್ನ ಚಿತ್ರ ಇದ್ದ ಜಾಗದಲ್ಲಿ ಹಳದಿ ಬಲ್ಬು ಇತ್ತು. ಉಪ್ಪು ಸ್ವಲ್ಪ ಬೆಲ್ಲದ ಕಡೆಗೆ ಹೊರಳಿತ್ತು. ಹಗಲಿನಲ್ಲಿ ಪೆಂಡಾಲಿನ ಬದಿಯಿಂದ ಬೆಳಕು ಬರುವಾಗ ಮಾತ್ರ ಸರಿಯಾಗಿ ಕಾಣುತ್ತಿತ್ತು. ಇನ್ನು ಮುಂದೆ ಕಿಟಕಿಯ ಬೆಳಕಿನ ಜೊತೆಗೆ ರಾತ್ರಿಯ ಬಲ್ಬಿನ ಅಡಿಯಲ್ಲೂ ಪರೀಕ್ಷೆಯ ತುಂಡುಗಳನ್ನು ನೋಡಬೇಕು.

ಇನ್ನೊಂದು ತಪ್ಪೂ ಅಲ್ಲಿ ಕಂಡಿತು. ಕಡಲ ಗಾಳಿಗೆ ಎರಡೇ ದಿನದಲ್ಲಿ ಮೌಂಟು ಬಿಲ್ಲಿನ ಹಾಗೆ ಬಾಗಿತ್ತು, ನಡುವೆ ಒಂದು ಬೆರಳು ತೂರುವಷ್ಟು. ಎದುರಿನ ಕಾಗದದ ಬೋರ್ಡು ತೇವ ಕುಡಿಯುತ್ತದೆ, ಹಿಂದಿನ ಪ್ಲಾಸ್ಟಿಕ್ಕಿನ ಸನ್‌ಬೋರ್ಡು ಕುಡಿಯುವುದಿಲ್ಲ. ಒಂದು ಹಿಗ್ಗಿ ಇನ್ನೊಂದು ನಿಂತರೆ ಬಾಗದೆ ಏನಾದೀತು? ಬಿಜಾಗರಿಗಳು ಮಾತ್ರ ಗಟ್ಟಿಯಾಗಿದ್ದವು, ಪ್ರಿಂಟಿನಲ್ಲಿ ಒಂದು ಉಬ್ಬೂ ಇರಲಿಲ್ಲ.

ಜನವರಿ 4

ವಾಪಸ್ ಬಂದ ಮೇಲೆ ಸನ್‌ಬೋರ್ಡ್ ತೆಗೆದು, ಎದುರಿಗಿರುವ ಜಾತಿಯ ಬೋರ್ಡನ್ನೇ ಹಿಂದಕ್ಕೂ ಹಾಕಿದೆ. ಎರಡು ವಾರದಿಂದ ಜಗುಲಿಯಲ್ಲಿ ನಿಲ್ಲಿಸಿ ನೋಡುತ್ತಿದ್ದೇನೆ, ನೆಟ್ಟಗಿದೆ.

ಎರಡನೇ ಪ್ರತಿಯೊಂದನ್ನು ಹಾಗೇ ಕಟ್ಟಿ, ಗಾಜು ಹಾಕಿಸಿ ಸಾಣಿಕಟ್ಟೆಗೆ ಕೊಂಡುಹೋದೆ. ಗಾಜಿಗೂ ಪ್ರಿಂಟಿಗೂ ನಡುವೆ ಮೌಂಟಿನ ದಪ್ಪದ ಅಂತರ ಇರುವುದರಿಂದ ತೇವಕ್ಕೆ ಚಿತ್ರ ಗಾಜಿಗೆ ಅಂಟುವುದಿಲ್ಲ. ಕಬ್ಬಿಣದ ಮೊಳೆ ಅಲ್ಲಿನ ಗಾಳಿಗೆ ಬೇಗ ತುಕ್ಕು ಹಿಡಿಯುತ್ತದೆಂದು ಹಿತ್ತಾಳೆಯ ಸ್ಕ್ರೂ ಒಯ್ದಿದ್ದೆ. ಬಿಸಿಲು ನೇರ ಬೀಳದ ಗೋಡೆಯನ್ನು ಅವರೇ ತೋರಿಸಿದರು. ತೂಗುಹಾಕಿ ಹಿಂದೆ ಸರಿದು ನಿಂತಾಗ, ಉಪ್ಪಿನ ಗುಡ್ಡೆಯ ಮೇಲೆ ಬೆರಳಿಟ್ಟು, “ಈಗ ಸರಿ ಬಂತು” ಎಂದರು.

ಆಗರದ ಕೆಲಸ ಶುರುವಾದ ಮೇಲೆ ಹೇಳಿ ಕಳಿಸುತ್ತಾರಂತೆ. ಏಳಕ್ಕಲ್ಲ, ಆರಕ್ಕೇ ಬಂದಿರಬೇಕಂತೆ.